ಗಂಗಾಮೂಲದ ಮಗಳು: ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿಯವರನ್ನು ಮಹಾರಾಷ್ಟ್ರದವರು ತಮ್ಮವರೆಂದು ಎಣಿಸುತ್ತಾರೆ. ಅದು ಸಹಜವೇ ಆಗಿದೆ. ಅವರ ಮನೆಮಾತು ಮರಾಠಿ; ಅವರ ಕಾರ್ಯಕ್ಷೇತ್ರ ಪುಣೆ ಮತ್ತು ಅದರ ಬಳಿಯ ಕೇಡಗಾಂವ; ಅವರ ಮುಖ್ಯ ಬರಹಗಳೆಲ್ಲ ಮರಾಠಿ ಮತ್ತು ಇಂಗ್ಲಿಷಿನಲ್ಲಿವೆ. ಎರಡು ಭಾಷೆಗಳ ಗಾಳಿಯನ್ನು ಒಟ್ಟಿಗೇ ಉಸಿರಾಡುವ ನಮ್ಮ ಬೆಳಗಾವಿಯಲ್ಲಿ ಕೂಡ ಅವರ ಹೆಸರು ಮರಾಠಿ ಓದಿದವರಿಗೆ ಪರಿಚಿತವಾಗಿರುವಷ್ಟು ಕನ್ನಡ ಓದಿದವರಿಗೆ ಪರಿಚಿತವಾಗಿಲ್ಲ. ಆದರೆ ಅವರು ಹುಟ್ಟಿದ್ದು ಕನ್ನಡ ನೆಲದಲ್ಲಿ, ಹೆತ್ತ ತಾಯಿಯನ್ನು ಚಿತೆಗೆ ಒಪ್ಪಿಸಿದ್ದು ಕನ್ನಡ ನೆಲದಲ್ಲಿ, ಬಾಳಿನ ಸಂಜೆಯಲ್ಲಿ ಮಗಳೊಡನೆ ಒಂದು ಶಾಲೆಯನ್ನು ತೆರೆದದ್ದೂ ಕನ್ನಡ ನೆಲದಲ್ಲಿಯೇ ಎಂಬುದನ್ನು ನಾವು ಮರೆಯಲಾಗದು.

ಖಾನಾಪುರ ತಾಲೂಕಿನ ಕಣಕುಂಬಿಯನ್ನು ಕಂಡವರಿಗೆ ನದಿಯ ಮೂಲವೆಂದರೆ ಏನೆಂಬುದು ಗೊತ್ತು. ದಟ್ಟವಾದ ಕಾಡು, ತಿಂಗಳುಗಟ್ಟಲೆ ಬಿಡದ ಮಳೆ, ಅದರ ನಡುವೆ ಮಲಪ್ರಭೆಯ ಸಣ್ಣದೊಂದು ನೀರಿನ ಸೆಲೆ. ಅದೇ ಸಹ್ಯಾದ್ರಿಯ ಸಾಲನ್ನು ಹಿಡಿದು ದಕ್ಷಿಣಕ್ಕೆ ಬಹುದೂರ ಸಾಗಿದರೆ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲ ದೊರೆಯುತ್ತದೆ. ಇಂದಿಗೂ ಜನವಸತಿ ವಿರಳವಾಗಿರುವ ಆ ಕಾಡಿನಲ್ಲಿ, ೧೮೫೮ನೆಯ ಇಸವಿ ಎಪ್ರಿಲ್ ೨೩ರಂದು, ಒಬ್ಬ ಶಾಸ್ತ್ರಿಗಳ ಪರ್ಣಶಾಲೆಯಲ್ಲಿ ರಮಾ ಹುಟ್ಟಿದಳು. ವೈದಿಕ ಬ್ರಾಹ್ಮಣರೊಬ್ಬರು ಹೆಂಡತಿಯನ್ನು ಕರೆದುಕೊಂಡು ಹುಲಿಗಳಿರುವ ಕಾಡಿಗೆ ಹೋಗಿ ಮನೆ ಕಟ್ಟಿದ್ದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿದರೆ ರಮಾಬಾಯಿಯವರ ಮುಂದಿನ ಬಾಳಿನ ಬೀಜವೇ ನಮ್ಮ ಕೈಗೆ ಸಿಗುತ್ತದೆ.

*

ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಬಳಿಯ ಮಾಳದ ಕಡೆಯ ಚಿತ್ಪಾವನ ಮನೆತನದವರು. ಎಳವೆಯಲ್ಲಿ ವಿದ್ಯಾರ್ಜನೆಗೆಂದು ಪುಣೆಗೆ ಹೋದರು. ಅಲ್ಲಿ ಅವರ ಗುರುಗಳು ಪೇಶವೆ ಎರಡನೆಯ ಬಾಜೀರಾಯನ ಅರಮನೆಗೆ ಹೋಗಿ ಅವನ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಗುರುಗಳೊಂದಿಗೆ ಹೋದ ಶಿಷ್ಯನ ಕಿವಿಗೆ ಸ್ತ್ರೀಕಂಠದಿಂದ ಬಂದ ಶುದ್ಧ ಸಂಸ್ಕೃತ ಶ್ಲೋಕಗಳು ಬಿದ್ದವು. ಹೆಣ್ಣಿನ ನಾಲಗೆಗೂ ದೇವಭಾಷೆ ಒಲಿಯುತ್ತದೆಂಬುದನ್ನು ಕಂಡ ಆ ತರುಣ, ಊರಿಗೆ ಮರಳಿದೊಡನೆ ತನ್ನ ಹೆಂಡತಿಗೂ ಕಲಿಸಬೇಕೆಂದು ಅಂದೇ ಸಂಕಲ್ಪ ಮಾಡಿದನು. ಮನೆಯ ಹಿರಿಯರು ಒಪ್ಪಲಿಲ್ಲ, ಹೆಂಡತಿಗೂ ಬೇಡವಾಯಿತು, ಸಂಕಲ್ಪ ಹಾಗೆಯೇ ಉಳಿಯಿತು.

ಮೊದಲ ಹೆಂಡತಿ ತೀರಿಕೊಂಡ ಮೇಲೆ, ನಡುವಯಸ್ಸು ದಾಟುತ್ತಿದ್ದ ಶಾಸ್ತ್ರಿಗಳು ತೀರ್ಥಯಾತ್ರೆಯಲ್ಲಿ ಭೇಟಿಯಾದ ಬಡ ಬ್ರಾಹ್ಮಣನೊಬ್ಬನ ಒಂಬತ್ತು ವರ್ಷದ ಮಗಳನ್ನು ಕೈಹಿಡಿದರು. ಆ ಕಾಲದ ಪದ್ಧತಿಯಂತೆ ನಡೆದ ಮದುವೆಯದು. ಇಂದು ಅದನ್ನು ಓದುವಾಗ ಮನಸ್ಸಿಗೆ ನೋವಾಗದಿರದು. ಆದರೆ ಆ ಬಾಲವಧು ಲಕ್ಷ್ಮೀಬಾಯಿಗೆ ಶಾಸ್ತ್ರಿಗಳು ಮೊದಲು ಕೊಟ್ಟದ್ದು ಒಡವೆಯಲ್ಲ, ಅಕ್ಷರ. ಊರು ಸುಮ್ಮನಿರಲಿಲ್ಲ. ಹೆಂಗಸಿಗೆ ಸಂಸ್ಕೃತ ಕಲಿಸುವ ಈ ಅಪರಾಧಕ್ಕಾಗಿ ಉಡುಪಿಯ ವಿದ್ವತ್ಸಭೆಯ ಮುಂದೆ ಅವರು ನಿಲ್ಲಬೇಕಾಯಿತು. ಶಾಸ್ತ್ರಿಗಳು ಅಳುಕಲಿಲ್ಲ. ಶಾಸ್ತ್ರಗ್ರಂಥಗಳಿಂದಲೇ ಆಧಾರಗಳನ್ನು ಆಯ್ದು, ಪುರಾಣ ಕಾವ್ಯಾದಿಗಳನ್ನು ಸ್ತ್ರೀಯರಿಗೆ ಕಲಿಸುವುದು ಧರ್ಮಬಾಹಿರವಲ್ಲವೆಂದು ವಾದಿಸಿದರು. ವಾದದಲ್ಲಿ ಅವರನ್ನು ತಪ್ಪಿತಸ್ಥರೆಂದು ಯಾರೂ ಸಾಧಿಸಲಾಗಲಿಲ್ಲ. ಆದರೆ ವಾದದಲ್ಲಿ ಗೆದ್ದವನಿಗೆ ಊರಿನಲ್ಲಿ ನೆಮ್ಮದಿ ದೊರೆಯುವುದೆಂಬ ಭರವಸೆಯೇನಿಲ್ಲ. ಅವರು ಗಂಗಾಮೂಲದ ಕಾಡಿಗೆ ಹೋಗಿ ಅಲ್ಲಿ ಗುರುಕುಲವನ್ನು ಕಟ್ಟಿದರು.

ಹಾಗೆ ನೋಡಿದರೆ ರಮಾಬಾಯಿ ಕಟ್ಟಿದ ಸಂಸ್ಥೆಗಳಲ್ಲಿ ಮೊದಲನೆಯದು ಅವರು ಹುಟ್ಟುವ ಮುನ್ನವೇ ಇತ್ತು. ಬಂದವರಿಗೆ ಅನ್ನ, ಕೇಳಿದವರಿಗೆ ವಿದ್ಯೆ, ಹೆಣ್ಣೆಂದು ಯಾರಿಗೂ ಬಾಗಿಲು ಮುಚ್ಚದ ಮನೆ ಅದು. ಆದರೆ ಅತಿಥಿಸತ್ಕಾರದಲ್ಲಿ ಶಾಸ್ತ್ರಿಗಳ ಆಸ್ತಿಯೆಲ್ಲ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಸಂಸಾರವೆಲ್ಲ ಕಾಡನ್ನು ಬಿಟ್ಟು ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಗುವನ್ನು ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಅವರು ಬೆಟ್ಟವನ್ನು ಇಳಿದರು. ಅಂದು ತೊಡಗಿದ ಅಲೆದಾಟ ಮುಂದೆ ಇಪ್ಪತ್ತು ವರ್ಷ ನಿಲ್ಲಲಿಲ್ಲ.

ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗುವುದು, ಗುಡಿಯ ಅಂಗಳದಲ್ಲಿ ಪುರಾಣ ಹೇಳುವುದು, ಕೇಳಿದವರು ಕೊಟ್ಟ ಕಾಳುಕಡಿ ದಕ್ಷಿಣೆಗಳಲ್ಲಿ ಬದುಕುವುದು ಇದು ಆ ಸಂಸಾರದ ಜೀವನಕ್ರಮವಾಯಿತು. ತಂದೆಗೆ ವಯಸ್ಸಾಗಿದ್ದುದರಿಂದ ಮಗಳಿಗೆ ಪಾಠ ಹೇಳುವ ಭಾರ ತಾಯಿಯ ಮೇಲೆ ಬಿದ್ದಿತು. ನಸುಕಿನಲ್ಲಿ ಹಕ್ಕಿಗಳು ಎಚ್ಚರಗೊಳ್ಳುವ ಹೊತ್ತಿಗೆ ಲಕ್ಷ್ಮೀಬಾಯಿ ಮಗಳನ್ನು ಎಬ್ಬಿಸಿ ಮಡಿಲಲ್ಲಿ ಕೂರಿಸಿಕೊಂಡು ಶ್ಲೋಕಗಳನ್ನು ಹೇಳಿಕೊಡುತ್ತಿದ್ದಳು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ರಮೆಗೆ ಕಂಠಸ್ಥವಾಗಿದ್ದುವು. ಸಂಸ್ಕೃತವನ್ನು ತಾಯಿಯಿಂದ ಕಲಿತಳು. ಕನ್ನಡ ಹಿಂದಿಗಳನ್ನು ದಾರಿಯಿಂದಲೇ ಕಲಿತಳು. ಅಕ್ಕ ಕೃಷ್ಣಾಬಾಯಿಗೆ ಎಳವೆಯಲ್ಲಿ ಮಾಡಿದ ಮದುವೆ ದುಃಖಕ್ಕೆ ಕಾರಣವಾದದ್ದನ್ನು ಕಂಡಿದ್ದ ತಂದೆ, ರಮೆಗೆ ಬಾಲ್ಯವಿವಾಹ ಮಾಡಬಾರದೆಂದು ನಿಶ್ಚಯಿಸಿದ್ದರು. ತನ್ನ ತಪ್ಪನ್ನು ಕಂಡುಕೊಂಡು ಎರಡನೆಯ ಮಗಳ ವಿಷಯದಲ್ಲಿ ತಿದ್ದಿಕೊಂಡ ತಂದೆ ಆ ಕಾಲಕ್ಕೆ ಅಪರೂಪವೇ ಸರಿ.

*

೧೮೭೦ರ ದಶಕದಲ್ಲಿ ದಕ್ಷಿಣ ದೇಶವನ್ನು ಸುಟ್ಟ ಕ್ಷಾಮ ಈ ಅಲೆಮಾರಿ ಸಂಸಾರವನ್ನು ನುಂಗಿತು. ಜನಕ್ಕೇ ಅನ್ನವಿಲ್ಲದಾಗ ಪುರಾಣಿಕನಿಗೆ ದಕ್ಷಿಣೆ ಕೊಡುವವರಾರು? ಕೂಲಿ ಮಾಡುವುದನ್ನು ಅವರು ಕಲಿತಿರಲಿಲ್ಲ. ಭಿಕ್ಷೆ ಬೇಡಲು ಮನಸ್ಸು ಒಪ್ಪದು. ಪಾತ್ರೆ ಪಡಗಗಳು ಮಾರಾಟವಾದುವು. ಉಳಿದದ್ದು ವ್ರತ, ಉಪವಾಸ, ದಾನಗಳಲ್ಲಿ ಮುಗಿಯಿತು. ದೇವರು ಮೆಚ್ಚಲಿಲ್ಲ. ಕಾಡಿನ ಸೊಪ್ಪು ತಿಂದು ದಿನ ಕಳೆದರು. ಕಣ್ಣು ಕಾಣದ ವೃದ್ಧ ತಂದೆ ಕಿರಿಯ ಮಗಳನ್ನು ತಬ್ಬಿಕೊಂಡು, ಮಾನದಿಂದ ಬಾಳಬೇಕು, ದೇವರ ಸೇವೆಯನ್ನು ಬಿಡಬಾರದು ಎಂದು ಹೇಳಿ ಕಣ್ಣು ಮುಚ್ಚಿದರು.

ಕೆಲಕಾಲದಲ್ಲಿಯೇ ರಾಯಚೂರಿನಲ್ಲಿ ತಾಯಿ ಹಾಸಿಗೆ ಹಿಡಿದಳು. ಜ್ವರದ ಬಾಯಿಗೆ ಒಂದು ತುಂಡು ಸಜ್ಜೆಯ ರೊಟ್ಟಿ ಬೇಕೆನಿಸಿತು. ನೆರೆಯಾಕೆಯ ಬಾಗಿಲಿಗೆ ಹೋಗಿ ನಿಂತ ರಮೆಗೆ ಬೇಡುವ ಮಾತು ಬಾಯಿಗೆ ಬರಲಿಲ್ಲ, ಕಣ್ಣೀರು ಬಂದಿತು. ನೆರೆಯಾಕೆ ಅರ್ಥ ಮಾಡಿಕೊಂಡು ರೊಟ್ಟಿ ಕೊಟ್ಟಳು. ಅದನ್ನು ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ತೀರಿಕೊಂಡಾಗ ಹೆಣ ಹೊರಲು ನಾಲ್ವರು ಬೇಕಾಗಿತ್ತು. ಮುಂದೆ ಬಂದವರು ಇಬ್ಬರೇ ಬ್ರಾಹ್ಮಣರು. ಅಣ್ಣ ಶ್ರೀನಿವಾಸ ಮೂರನೆಯವನಾದ, ನಾಲ್ಕನೆಯವಳು ರಮಾ. ಆಕೆ ಕುಳ್ಳಾಗಿದ್ದುದರಿಂದ ಚಟ್ಟದ ಕೋಲು ಹೆಗಲಿಗೆ ಸರಿಹೋಗದೆ ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದಳು. ಹೆಣ್ಣು ಹೆಣಕ್ಕೆ ಹೆಗಲು ಕೊಡುವುದು ನಿಷಿದ್ಧವಾಗಿದ್ದ ಕಾಲದಲ್ಲಿ ಹಸಿವು ಆ ನಿಷೇಧವನ್ನು ಮುರಿಯಿತು. ಮುಂದೆ ರಮಾಬಾಯಿ ಮುರಿದ ಅನೇಕ ಕಟ್ಟುಗಳು ವಾದದಿಂದಲ್ಲ, ಹೀಗೆ ಬಾಳಿನ ಒತ್ತಡದಿಂದಲೇ ಮುರಿದವು.

ಅಕ್ಕ ಕೃಷ್ಣಾಬಾಯಿಯೂ ಕಾಲರಾ ಬೇನೆಗೆ ತುತ್ತಾದಳು. ಉಳಿದ ಅಣ್ಣ ತಂಗಿಯರಿಬ್ಬರೇ ಉತ್ತರಕ್ಕೆ ನಡೆದರು. ಪಂಜಾಬ, ಕಾಶ್ಮೀರಗಳವರೆಗೆ ಸಾವಿರಾರು ಮೈಲಿಗಳನ್ನು ಬಹುಪಾಲು ಕಾಲ್ನಡಿಗೆಯಲ್ಲಿಯೇ ಕ್ರಮಿಸಿದರು. ಝೇಲಂ ನದಿಯ ದಂಡೆಯಲ್ಲಿ ಚಳಿ ತಾಳಲಾರದೆ ಮರಳಿನಲ್ಲಿ ಗುಂಡಿ ತೋಡಿ, ಕತ್ತಿನವರೆಗೆ ಮರಳನ್ನೇ ಹೊದ್ದು ರಾತ್ರಿ ಕಳೆದರು. ನಂಬಿದ ದೇವರುಗಳೆಲ್ಲ ಮೌನವಾಗಿದ್ದರೆಂಬ ಭಾವನೆ ಆ ಮರಳಿನ ಹಾಸಿಗೆಯಲ್ಲಿ ಅವರಲ್ಲಿ ಬಲವಾಯಿತು. ಅದು ನಾಸ್ತಿಕತೆಯಲ್ಲ, ತಂದೆ ಹೇಳಿದ ದೇವರ ಸೇವೆಯನ್ನು ಯಾವ ದೇವರಿಗೆ ಸಲ್ಲಿಸಬೇಕೆಂಬ ಶೋಧ.

*

೧೮೭೮ರಲ್ಲಿ ಅಣ್ಣ ತಂಗಿಯರು ಕಲಕತ್ತೆಯನ್ನು ಸೇರಿದರು. ಇಪ್ಪತ್ತರ ಹರೆಯದ ಅವಿವಾಹಿತ ಹೆಣ್ಣು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕಂಡು ಆ ನಗರ ಬೆರಗಾಯಿತು. ಪಂಡಿತರು ಪರೀಕ್ಷಿಸಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು ಓದಲು ಹೇಳಿದರು. ಧರ್ಮಶಾಸ್ತ್ರಗಳನ್ನು ಕೂಲಂಕಷವಾಗಿ ಓದುತ್ತ ಹೋದಂತೆ ರಮಾಬಾಯಿಯವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಬೇರೆಲ್ಲ ವಿಷಯಗಳಲ್ಲಿ ಪರಸ್ಪರ ಭಿನ್ನವಾದ ಗ್ರಂಥಗಳು, ಹೆಣ್ಣು ಮತ್ತು ಶೂದ್ರರ ಅನರ್ಹತೆಯ ವಿಷಯದಲ್ಲಿ ಮಾತ್ರ ಒಮ್ಮತದಿಂದಿವೆ ಎಂದು ಅವರಿಗೆ ತೋರಿತು. ತಂದೆ ಉಡುಪಿಯಲ್ಲಿ ಶಾಸ್ತ್ರದ ಒಳಗೆ ನಿಂತು ಬಾಗಿಲು ತೆರೆಯಿಸಿದ್ದರು. ಮಗಳು ಅದೇ ಶಾಸ್ತ್ರದಿಂದ ಹೊರಕ್ಕೆ ಕಾಲಿಟ್ಟಳು.

೧೮೮೦ರ ಮೇ ತಿಂಗಳಲ್ಲಿ ಅಣ್ಣ ತೀರಿಕೊಂಡನು. ಮರುತಿಂಗಳು ರಮಾಬಾಯಿ ಬಂಗಾಳದ ವಕೀಲರಾದ ಬಿಪಿನಬಿಹಾರಿ ಮೇಧಾವಿಯವರನ್ನು ಕಾಯದೆಯ ಮೇರೆಗೆ ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ, ಪ್ರಾಂತ ಬೇರೆ. ಎರಡೂ ಕಡೆಯ ನೆಂಟರು ದೂರವಾದರು. ಆಸಾಮದ ಸಿಲ್ಚರಿನಲ್ಲಿ ಅವರ ಸಂಸಾರ ನಡೆದದ್ದು ಎರಡು ವರ್ಷಕ್ಕೂ ಕಡಿಮೆ. ೧೮೮೧ರ ಎಪ್ರಿಲಿನಲ್ಲಿ ಮಗಳು ಮನೋರಮಾ ಹುಟ್ಟಿದಳು; ೧೮೮೨ರ ಫೆಬ್ರುವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಆ ಮನೆಯ ಪುಸ್ತಕಗಳ ನಡುವೆ ದೊರೆತ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದನ್ನು ಅವರು ಓದಿದ್ದರು. ಕ್ರೈಸ್ತಧರ್ಮದಲ್ಲಿ ಅವರ ಆಸಕ್ತಿ ಹೀಗೆ ಗೃಹಿಣಿಯ ಓದಿನಿಂದ ಬೆಳೆಯಿತು.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡ ತರುಣಿ ಒಂದು ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು. ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ನ್ಯಾಯಮೂರ್ತಿ ರಾನಡೆ, ಡಾಕ್ಟರ್ ಭಾಂಡಾರಕರರಂತಹ ಸುಧಾರಕರ ಬೆಂಬಲ ದೊರೆಯಿತು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ಸ್ತ್ರೀ ವೈದ್ಯರೂ ಬೇಕೆಂದು ಒತ್ತಾಯಿಸಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನು ಬರೆದು, ವೈದ್ಯಶಾಸ್ತ್ರ ಕಲಿಯಬೇಕೆಂಬ ಹಂಬಲದಿಂದ ೧೮೮೩ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದರು. ಕಿವಿಯ ದೋಷ ಆ ಹಂಬಲಕ್ಕೆ ಅಡ್ಡಬಂದಿತು.

*

ಇಂಗ್ಲೆಂಡಿನ ವಾಂಟೇಜಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠವೊಂದು ಅವರಿಗೆ ಆಶ್ರಯ ಕೊಟ್ಟಿತು. ಆ ಸನ್ಯಾಸಿನಿಯರು ಸಮಾಜ ಹೊರಹಾಕಿದ ಹೆಂಗಸರಿಗಾಗಿ ನಡೆಸುತ್ತಿದ್ದ ಆಶ್ರಮವನ್ನು ರಮಾಬಾಯಿ ನೋಡಿದರು. ಜಾರಿದವಳನ್ನು ತುಳಿಯುವ ಸಮಾಜವನ್ನಷ್ಟೇ ಕಂಡಿದ್ದ ಅವರಿಗೆ, ಅವಳನ್ನು ಕೈಹಿಡಿದು ಎತ್ತುವ ಜನರನ್ನು ಕಂಡು ಅಚ್ಚರಿಯಾಯಿತು. ಇದಕ್ಕೆ ಪ್ರೇರಣೆ ಎಲ್ಲಿಂದ ಎಂದು ಕೇಳಿದಾಗ ಸನ್ಯಾಸಿನಿಯೊಬ್ಬಳು, ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗವನ್ನು ಓದಿ ಹೇಳಿದಳು. ಕುಲಗೆಟ್ಟವಳೆಂದು ಎಲ್ಲರೂ ದೂರವಿಟ್ಟ ಹೆಣ್ಣಿನಿಂದ ನೀರು ಬೇಡಿದ ಗುರುವನ್ನು ರಮಾಬಾಯಿ ತಮ್ಮ ಗುರುವೆಂದು ಸ್ವೀಕರಿಸಿದರು. ೧೮೮೩ರ ಸೆಪ್ಟೆಂಬರ್ ೨೯ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಸ್ವದೇಶದಲ್ಲಿ ಇದರಿಂದ ಎದ್ದ ಆಕ್ರೋಶ ಊಹಿಸಬಹುದಾದದ್ದೇ. ಹೆಚ್ಚು ಗಮನಿಸಬೇಕಾದದ್ದು ಮತಾಂತರದ ಅನಂತರ ನಡೆದ ಸಂಗತಿ. ತಮ್ಮನ್ನು ಕ್ರಿಸ್ತನ ಬಳಿಗೆ ಕರೆತಂದವರಿಗೂ ರಮಾಬಾಯಿ ತಮ್ಮ ವಿವೇಕವನ್ನು ಒತ್ತೆಯಿಡಲಿಲ್ಲ. ಆಧ್ಯಾತ್ಮಿಕ ತಾಯಿಯಂತಿದ್ದ ಸಿಸ್ಟರ್ ಜೆರಾಲ್ಡೀನರೊಡನೆ ನಡೆದ ಪತ್ರವ್ಯವಹಾರದಲ್ಲಿ ಚರ್ಚಿನ ಸಿದ್ಧಾಂತಗಳನ್ನು ಒಂದೊಂದಾಗಿ ಪ್ರಶ್ನಿಸಿದರು. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕೆ ಇರಬೇಕು, ನಮ್ಮ ಸಂಸ್ಕೃತಕ್ಕೆ ಏನು ಕಡಿಮೆ ಎಂದು ಕೇಳಿದರು. ಸೀರೆಯನ್ನು ಬಿಡಲಿಲ್ಲ, ಮಾಂಸವನ್ನು ಮುಟ್ಟಲಿಲ್ಲ. ಚೆಲ್ಟನಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಗಂಡಸರಿಗೆ ಪಾಠ ಹೇಳುವುದು ಅವರಿಗೆ ಉಚಿತವಲ್ಲವೆಂದು ಬಿಷಪ್ಪರು ಅಡ್ಡಿಮಾಡಿದಾಗ, ಆ ಕಟ್ಟಳೆಯನ್ನು ಮೌನವಾಗಿ ಒಪ್ಪಲಿಲ್ಲ. ಒಂದು ಪೌರೋಹಿತ್ಯವನ್ನು ಬಿಟ್ಟು ಬಂದದ್ದು ಇನ್ನೊಂದಕ್ಕೆ ತಲೆಬಾಗಲೆಂದಲ್ಲ ಎಂಬುದು ಅವರ ನಿಲುವು.

ಈ ವಾದದ ನಡುವೆ ಎಳೆಯ ಮನೋರಮಾ ಇದ್ದಳು. ಮಗು ಜೆರಾಲ್ಡೀನರನ್ನು ಆಜೀಬಾಯಿ ಎಂದು ಕರೆಯುತ್ತಿತ್ತು. ಮಗುವಿನ ಧಾರ್ಮಿಕ ಶಿಕ್ಷಣ ಯಾರ ಅಧೀನ ಎಂಬ ಪ್ರಶ್ನೆ ಬಂದಾಗ, ಮಠ ತನ್ನ ಪದ್ಧತಿಯನ್ನು ಬಯಸಿತು. ತಾಯಿ ತನ್ನ ಹಕ್ಕನ್ನು ಬಿಡಲಿಲ್ಲ. ಆದರೂ ೧೮೮೬ರಲ್ಲಿ ಆನಂದೀಬಾಯಿ ಜೋಶಿಯವರ ವೈದ್ಯಪದವಿ ಸಮಾರಂಭಕ್ಕೆಂದು ಅಮೇರಿಕೆಗೆ ಹೋಗಿ ಅಲ್ಲಿಯೇ ಕೆಲಸಕ್ಕೆ ನಿಂತಾಗ, ಆ ಮಗುವನ್ನೇ ಕೆಲಕಾಲ ಅದೇ ಮಠಕ್ಕೆ ಕಳುಹಿಸಬೇಕಾಯಿತು. ನೂರಾರು ಅನಾಥೆಯರಿಗೆ ತಾಯಿಯಾಗಲು ಹೊರಟವರು ಹೆತ್ತ ಮಗಳನ್ನು ಆಗಾಗ ದೂರವಿಡಬೇಕಾಯಿತೆಂಬುದು ಈ ಬಾಳಿನ ಒಂದು ಮೌನವಾದ ನೋವು. ಚರಿತ್ರಕಾರರು ಅದನ್ನು ಒಂದು ಸಾಲಿನಲ್ಲಿ ದಾಟಿ ಹೋಗುತ್ತಾರೆ. ತಾಯಂದಿರು ಹಾಗೆ ದಾಟಲಾರರು.

*

೧೮೮೭ರಲ್ಲಿ ಅಮೇರಿಕೆಯಲ್ಲಿ ಅವರು ಪ್ರಕಟಿಸಿದ ಇಂಗ್ಲಿಷ್ ಗ್ರಂಥ, ಮೇಲ್ಜಾತಿಯ ಹಿಂದೂ ಸ್ತ್ರೀಯ ಬಾಳನ್ನು ಕುರಿತದ್ದು, ಅಪಾರ ಸಹಾನುಭೂತಿಯನ್ನು ಗಳಿಸಿತು. ಬೋಸ್ಟನ್ನಿನಲ್ಲಿ ರಮಾಬಾಯಿ ಸಂಘ ಸ್ಥಾಪನೆಯಾಗಿ, ಹತ್ತು ವರ್ಷಗಳ ಕಾಲ ವಿಧವೆಯರ ಶಾಲೆಗೆ ಹಣವೊದಗಿಸುವ ಹೊಣೆ ಹೊತ್ತಿತು. ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮೊದಲಿಗೆ ಬಂದ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಒಬ್ಬಳು. ಆಕೆಯನ್ನು ೧೮೯೩ರಲ್ಲಿ ಮದುವೆಯಾದವರು ಮುಂದೆ ಮಹರ್ಷಿಯೆನಿಸಿದ ಧೋಂಡೋ ಕೇಶವ ಕರ್ವೆಯವರು. ಕರ್ವೆಯವರ ಅನಾಥ ಬಾಲಿಕಾಶ್ರಮ, ಆಮೇಲಿನ ಮಹಿಳಾ ವಿಶ್ವವಿದ್ಯಾಲಯಗಳ ಇತಿಹಾಸವನ್ನು ಬರೆಯುವವರು ಈ ಶಾರದಾ ಸದನದ ಬಾಗಿಲನ್ನು ದಾಟಿಯೇ ಹೋಗಬೇಕು.

ಸದನ ೧೮೯೦ರಲ್ಲಿ ಪುಣೆಗೆ ಬಂದಿತು. ಅಲ್ಲಿ ಧರ್ಮಬೋಧೆ ಇರಕೂಡದೆಂಬುದು ಒಪ್ಪಂದ. ಹಿಂದೂ ಹುಡುಗಿಯರು ತಮ್ಮ ಆಚಾರಗಳನ್ನು ಪಾಲಿಸಲು ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿ ಮುಂಜಾವಿನಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ತಮ್ಮ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವರು ಹುಡುಗಿಯರು ತಾವಾಗಿ ಬಂದು ಕುಳಿತುಕೊಂಡರು. ಬನ್ನಿ ಎಂದು ಅವರು ಕರೆಯಲಿಲ್ಲ. ಹೋಗಿ ಎಂದು ಅಟ್ಟಲೂ ಇಲ್ಲ. ಈ ತೆರೆದ ಬಾಗಿಲೇ ದೊಡ್ಡ ವಿವಾದಕ್ಕೆ ಕಾರಣವಾಯಿತು. ಟಿಳಕರ ಕೇಸರಿ ಪತ್ರಿಕೆ ಉಗ್ರವಾಗಿ ಟೀಕಿಸಿತು. ೧೮೯೩ರಲ್ಲಿ ರಾನಡೆ, ಭಾಂಡಾರಕರರು ಸಲಹಾ ಸಮಿತಿಯಿಂದ ಹೊರಬಂದರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಈ ಪ್ರಸಂಗವನ್ನು ಏಕಪಕ್ಷೀಯವಾಗಿ ನೋಡಬಾರದು. ವಿರೋಧಿಗಳ ಮಾತಿನಲ್ಲಿ ಹುರುಳಿತ್ತು. ಅನ್ನ, ಬಟ್ಟೆ, ಆಶ್ರಯಗಳಿಗೆ ಒಬ್ಬರನ್ನೇ ನೆಚ್ಚಿಕೊಂಡ ಎಳೆಯ ವಿಧವೆಯರು ಆ ಒಬ್ಬರ ಶ್ರದ್ಧೆಗೆ ಒಲಿದರೆ ಅದು ಎಷ್ಟರಮಟ್ಟಿಗೆ ಸ್ವತಂತ್ರ ಆಯ್ಕೆ? ನಂಬಿ ಕಳುಹಿಸಿದ ತಂದೆತಾಯಿಗಳಿಗೆ ಕೊಟ್ಟ ಮಾತಿನ ಗತಿಯೇನು? ರಮಾಬಾಯಿಯವರ ಉತ್ತರದಲ್ಲಿಯೂ ಹುರುಳಿತ್ತು. ತನ್ನ ಮನೆಯಲ್ಲಿ ತನ್ನ ದೇವರನ್ನು ಕದ್ದು ಪ್ರಾರ್ಥಿಸಬೇಕೇ? ಬುದ್ಧಿ ಬಂದ ಹುಡುಗಿಗೆ ಕಿವಿ ಮುಚ್ಚಿಕೋ ಎನ್ನುವುದು ಯಾವ ವಿದ್ಯೆ? ಸಂಸ್ಥೆಯನ್ನು ನಡೆಸುವ ಪ್ರತಿಯೊಬ್ಬರೂ, ಪಾಠ ಹೇಳುವ ಪ್ರತಿಯೊಬ್ಬರೂ, ಮಕ್ಕಳನ್ನು ಸಾಕುವ ಪ್ರತಿಯೊಬ್ಬರೂ ಎದುರಿಸಲೇಬೇಕಾದ ಪ್ರಶ್ನೆಯಿದು. ನಮ್ಮ ನಂಬಿಕೆಯನ್ನು ಬಚ್ಚಿಡಲಾರೆವು, ಹೇರಲೂ ಬಾರದು. ಇವೆರಡರ ನಡುವಿನ ಹೊಸ್ತಿಲು ಬಹಳ ಕಿರಿದು. ರಮಾಬಾಯಿ ಆ ಹೊಸ್ತಿಲಿನ ಮೇಲೆ ನಿಂತು ಎರಡೂ ಕಡೆಯ ಏಟುಗಳನ್ನು ತಿಂದರು. ಇಂಗ್ಲೆಂಡಿನ ಹಿತೈಷಿಗಳಿಗೆ ಅವರು ಸಾಕಷ್ಟು ಕ್ರೈಸ್ತರಾಗಿ ಕಾಣಲಿಲ್ಲ. ಪುಣೆಯ ಹಿತೈಷಿಗಳಿಗೆ ಅತಿಯಾಗಿ ಕ್ರೈಸ್ತರಾಗಿ ಕಂಡರು.

ಆ ವರ್ಷಗಳಲ್ಲಿಯೇ, ೧೮೯೧ರಲ್ಲಿ, ಅವರ ಅಂತರಂಗದಲ್ಲಿ ಇನ್ನೊಂದು ತಿರುವಾಯಿತು. ತನಗೆ ಕ್ರಿಸ್ತನ ಧರ್ಮ ದೊರೆತಿದೆಯೇ ಹೊರತು ಕ್ರಿಸ್ತನು ದೊರೆತಿಲ್ಲವೆಂಬ ಕೊರಗು ಅವರನ್ನು ಬಹುಕಾಲ ಕಾಡಿತ್ತು. ಬುದ್ಧಿಯಿಂದ ಒಪ್ಪಿದ್ದನ್ನು ಹೃದಯದಿಂದ ಕಂಡುಕೊಂಡ ಶಾಂತಿ ಈಗ ಅವರಿಗೆ ಲಭಿಸಿತು. ಮುಂದೆ ಬಂದ ಮಹಾಕಾರ್ಯವನ್ನು ಹೊರಲು ಬಲ ಬಂದದ್ದು ಈ ಶಾಂತಿಯಿಂದಲೇ ಎಂದು ಅವರು ನಂಬಿದ್ದರು.

*

೧೮೯೬-೯೭ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ ಬಿದ್ದಿತು. ಸುದ್ದಿ ಕೇಳಿದೊಡನೆ ರಮಾಬಾಯಿ ಹೊರಟರು. ಹಸಿದ ಹುಡುಗಿಯ ಕಣ್ಣನ್ನು ಅವರಿಗೆ ಯಾರೂ ವರ್ಣಿಸಿ ಹೇಳಬೇಕಾಗಿರಲಿಲ್ಲ. ರಾಯಚೂರಿನ ಆ ನೆರೆಮನೆಯ ಬಾಗಿಲಲ್ಲಿ ನಿಂತಿದ್ದವರು ಅವರೇ. ಹೆತ್ತವರು ಸತ್ತ, ಮಾರಾಟಕ್ಕೆ ಬಿದ್ದ, ದುರುಳರ ಕೈಗೆ ಸಿಕ್ಕಲಿದ್ದ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. ಪ್ಲೇಗಿನ ನಿರ್ಬಂಧಗಳ ಕಾಲವಾದ್ದರಿಂದ ಪುಣೆಯಲ್ಲಿ ಇಷ್ಟು ಜನಕ್ಕೆ ಎಡೆ ದೊರೆಯಲಿಲ್ಲ. ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ಹೊಲದಲ್ಲಿ ಗುಡಿಸಲುಗಳನ್ನು ಎತ್ತಿಸಿದರು. ಅದೇ ಮುಕ್ತಿ ಸದನವಾಯಿತು. ೧೯೦೦ರಲ್ಲಿ ಗುಜರಾತಿನ ಕ್ಷಾಮಪೀಡಿತರೂ ಬಂದು ಸೇರಿದಾಗ ಆಶ್ರಮದ ಜನಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು.

ಎರಡು ಸಾವಿರ ಜನರ ಮನೆಯನ್ನು ನಡೆಸುವುದೆಂದರೇನು? ನೀರಿಗಾಗಿ ಬಾವಿಗಳನ್ನು ತೋಡಿಸಬೇಕು. ಅನ್ನಕ್ಕಾಗಿ ಹೊಲವನ್ನು ಹಸನು ಮಾಡಬೇಕು. ನೇಯ್ಗೆ, ಹೊಲಿಗೆ, ಹೈನು, ಎಣ್ಣೆಯ ಗಾಣ, ಅಚ್ಚುಕೂಟ ಎಲ್ಲವೂ ಅಲ್ಲಿದ್ದುವು. ಎಲ್ಲವನ್ನೂ ಹೆಂಗಸರೇ ನಡೆಸಿದರು. ದೊಡ್ಡ ಹುಡುಗಿಯರ ವಶಕ್ಕೆ ಚಿಕ್ಕವರನ್ನು ಒಪ್ಪಿಸುವುದು ಅಲ್ಲಿನ ಪದ್ಧತಿ. ನಿನ್ನೆ ಬದುಕಿಸಲ್ಪಟ್ಟವಳು ಇಂದು ಇನ್ನೊಬ್ಬಳನ್ನು ಬದುಕಿಸುತ್ತಿದ್ದಳು. ದಾರಿತಪ್ಪಿದವರೆನಿಸಿಕೊಂಡ ಹೆಂಗಸರಿಗೆ ಕೃಪಾ ಸದನ, ಕುರುಡರಿಗೆ ಬಾರ್ತಿಮಿ ಸದನ ಏರ್ಪಟ್ಟುವು. ಬ್ರೇಲ್ ಲಿಪಿಯನ್ನು ಕಲಿತು ಬಂದು ಕುರುಡರಿಗೆ ಅಕ್ಷರ ಕಲಿಸಿದವಳು ಮನೋರಮಾ. ಶಾರದಾ ಸದನದಲ್ಲಿದ್ದ ಜಾತಿಯ ಎಲ್ಲೆಗಳು ಇಲ್ಲಿ ಇರಲಿಲ್ಲ. ಹಳೆಯ ಧರ್ಮತಾಟಸ್ಥ್ಯವೂ ಇಲ್ಲಿ ಉಳಿಯಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಮನೆಯಾಗಿತ್ತು. ಸುಧಾರಕ ಸಮಾಜ ಅವರನ್ನು ಮರೆತದ್ದಕ್ಕೆ ಇದೂ ಒಂದು ಕಾರಣ.

ಬಾಳಿನ ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷಗಳನ್ನು ರಮಾಬಾಯಿ ಬೈಬಲಿನ ಅನುವಾದಕ್ಕೆ ಮೀಸಲಿಟ್ಟರು. ಆಗ ಇದ್ದ ಮರಾಠಿ ಅನುವಾದದ ಭಾಷೆ ಸಂಸ್ಕೃತಭೂಯಿಷ್ಠವಾಗಿ ಹಳ್ಳಿಯ ಹೆಂಗಸರಿಗೆ ಎಟುಕದೆಂದು ಅವರಿಗೆ ತೋರಿತು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಆ ವಯಸ್ಸಿನಲ್ಲಿ ಕಲಿತು, ಮೂಲದಿಂದ ನೇರವಾಗಿ, ಬೀಸುವ ಕಲ್ಲಿನ ಮುಂದೆ ಕುಳಿತವಳಿಗೂ ತಿಳಿಯುವ ಮರಾಠಿಯಲ್ಲಿ ಬರೆದರು. ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಕ್ಷಣಕಾಲ ನಿಲ್ಲಬೇಕು. ಹನ್ನೆರಡು ವರ್ಷಕ್ಕೇ ಭಾಗವತವನ್ನು ಕಂಠಪಾಠ ಮಾಡಿದವರು, ಕಲಕತ್ತೆಯ ಪಂಡಿತರಿಂದ ಸರಸ್ವತಿ ಎನಿಸಿಕೊಂಡವರು, ಸಂಸ್ಕೃತ ಪದಗಳನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟರು. ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿ ಜನರ ನುಡಿಗೆ ಇಳಿದು ಬಂದದ್ದನ್ನು ಬಲ್ಲ ಕನ್ನಡಿಗರಿಗೆ ಈ ತ್ಯಾಗದ ಬೆಲೆ ಬೇಗ ತಿಳಿಯುತ್ತದೆ. ಅಚ್ಚುಮೊಳೆಗಳನ್ನು ಜೋಡಿಸಿ ಮುದ್ರಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. ಸಮಗ್ರ ಗ್ರಂಥ ಹೊರಬಂದದ್ದು ೧೯೨೪ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ.

*

ಮನೋರಮಾ ಇಂಗ್ಲೆಂಡ್, ಅಮೇರಿಕೆಗಳಲ್ಲಿ ಕಲಿತು ಬಂದು ತಾಯಿಯ ಬಲಗೈಯಾಗಿ ನಿಂತಳು, ಮದುವೆಯಾಗಲಿಲ್ಲ. ಆಗ ನಿಜಾಮರ ಸಂಸ್ಥಾನದಲ್ಲಿದ್ದ ಕಲಬುರ್ಗಿಯಲ್ಲಿ ತಾಯಿ ಮಗಳು ಸೇರಿ ಶಾಲೆಯೊಂದನ್ನು ತೆರೆದರು. ಮನೋರಮಾ ಅದರ ಮುಖ್ಯಾಧ್ಯಾಪಿನಿಯಾದಳು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟು ಹೋದ ವಿದ್ಯೆ ಹೀಗೆ ಎರಡು ತಲೆಮಾರು ಕಳೆದು ಕನ್ನಡ ನಾಡಿನ ಇನ್ನೊಂದು ಮೂಲೆಗೆ ಮರಳಿತು. ತಮ್ಮ ಅನಂತರ ಮುಕ್ತಿಯನ್ನು ಮಗಳೇ ನಡೆಸುವಳೆಂಬ ಆಸೆ ರಮಾಬಾಯಿಯವರಿಗಿತ್ತು. ೧೯೨೧ರ ಜುಲೈ ೨೪ರಂದು, ನಲವತ್ತನೆಯ ವಯಸ್ಸಿನಲ್ಲಿ, ಮನೋರಮಾ ತೀರಿಕೊಂಡಳು. ಒಂಬತ್ತು ತಿಂಗಳು ತುಂಬುವ ಮೊದಲೇ, ೧೯೨೨ರ ಎಪ್ರಿಲ್ ೫ರಂದು, ತಾಯಿಯೂ ಕಣ್ಣು ಮುಚ್ಚಿದರು. ಹುಟ್ಟಿದ ಮನೆಯವರನ್ನೆಲ್ಲ ಕಳುಹಿಸಿ ಕೊಟ್ಟವರು, ಕೊನೆಗೆ ಹೆತ್ತವಳನ್ನೂ ಕಳುಹಿಸಿ ಕೊಟ್ಟೇ ಹೋದರು.

ಸರಕಾರ ೧೯೧೯ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಸ್ವತಂತ್ರ ಭಾರತ ೧೯೮೯ರಲ್ಲಿ ಅವರ ಹೆಸರಿನ ಅಂಚೆಚೀಟಿಯನ್ನು ಹೊರಡಿಸಿತು. ಕೇಡಗಾಂವದ ಮುಕ್ತಿ ಇಂದಿಗೂ ನಡೆಯುತ್ತಿದೆ. ಈ ಸ್ಮಾರಕಗಳಿಗಿಂತ ಅವರ ಬಾಳು ಬಿಟ್ಟುಹೋದ ವಿಚಾರ ನಮಗೆ ಹೆಚ್ಚು ಪ್ರಯೋಜನಕರ. ನಾಯಕತ್ವ, ಶ್ರದ್ಧೆ, ಸಂಸಾರ ಎಂಬ ಮೂರನ್ನು ನಾವು ಮೂರು ಬೇರೆ ಕೋಣೆಗಳಲ್ಲಿ ಇಡುತ್ತೇವೆ. ರಮಾಬಾಯಿಯವರಲ್ಲಿ ಅವು ಒಂದೇ ಮನೆಯಾಗಿದ್ದುವು. ಹೆಂಡತಿಗೆ ಅಕ್ಷರ ಕಲಿಸಿದ ತಂದೆಯಿಂದ ನಾಯಕತ್ವವನ್ನು ಕಲಿತರು. ನಸುಕಿನಲ್ಲಿ ಎಬ್ಬಿಸಿದ ತಾಯಿಯಿಂದ ಶಿಸ್ತನ್ನು ಕಲಿತರು. ಬಾವಿಯ ಬಳಿ ನೀರು ಬೇಡಿದ ಗುರುವಿನಿಂದ ಕರುಣೆಯನ್ನು ಕಲಿತರು. ಯಾರಿಂದ ಕಲಿತರೂ ತಮ್ಮ ಅಂತಃಕರಣದ ಬೀಗದ ಕೈಯನ್ನು ಮಾತ್ರ ಯಾರ ವಶಕ್ಕೂ ಕೊಡಲಿಲ್ಲ.

ಖಾನಾಪುರದ ಕಾಡಂಚಿನ ಹಳ್ಳಿಗಳಿಂದ ಬೆಳಗಾವಿಯ ಕಾಲೇಜುಗಳಿಗೆ ದಿನವೂ ಬಂದು ಹೋಗುವ ಹೆಣ್ಣುಮಕ್ಕಳಿಗೆ ಇಂದು ಸಂಸ್ಕೃತ ಓದಿದ್ದಕ್ಕಾಗಿ ಯಾವ ಸಭೆಯ ಮುಂದೆಯೂ ನಿಲ್ಲಬೇಕಾಗಿಲ್ಲ. ಆದರೆ ಓದು ಸಾಕು ಎಂಬ ಮಾತನ್ನು ಕೇಳುವ ಮನೆಗಳು ಇನ್ನೂ ಉಳಿದಿವೆ. ಅಂತಹ ಮನೆಯ ತಂದೆಗೆ ಅನಂತಶಾಸ್ತ್ರಿಗಳ ಕಥೆಯನ್ನು, ಮಗಳಿಗೆ ರಮಾಬಾಯಿಯವರ ಕಥೆಯನ್ನು ಹೇಳುವುದು ಪಾಠ ಹೇಳುವವರ ಕರ್ತವ್ಯಗಳಲ್ಲಿ ಒಂದು. ಈ ಕಥೆ ಮರಾಠಿಯಷ್ಟೇ ಕನ್ನಡದ್ದೂ ಆಗಿದೆ. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ಮಾತ್ರ ಇನ್ನೂ ಬಹಳ ಉಳಿದಿದೆ.